ಹದಿನಾಲ್ಕರ ಅಡಿಯ ಇಪ್ಪತ್ತೇಳು

"ಮೈಮೇಲಿರೋ ಕಬ್ಬಿಣ ಎಲ್ಲಾ ಈ ಮರದ ತಟ್ಟೆಗೆ ಹಾಕಿ ಮೇಡಂ. ತಲೆ ಪಿನ್ನೂ ಸೇರಿ."

ಮುಳ್ಳಜ್ಜ ಬಾಗಿಲಿಗೆ ಅಡ್ಡ ನಿಂತಿದ್ದರು. ಕೀಲಿಗೊಂಚಲು ಹಾಕಿದೆ, ಗಡಿಯಾರ ಬಿಚ್ಚಿದೆ, ಬೆಲ್ಟು ತೆಗೆದೆ. ಕೊನೆಗೆ ತುರುಬಿನ ನಾಲ್ಕು ಪಿನ್ನುಗಳನ್ನೂ ಕಿತ್ತು ತಟ್ಟೆಗೆ ಹಾಕಿದಾಗ ಕೂದಲು ಹೆಗಲ ಮೇಲೆ ಬಿತ್ತು. ಇಪ್ಪತ್ತೆರಡು ವರ್ಷದ ಪೊಲೀಸ್ ನೌಕರಿಯಲ್ಲಿ ತಲೆ ಕೆದರಿಕೊಂಡು ವಿಚಾರಣೆಗೆ ನಿಂತದ್ದು ಇದೇ ಮೊದಲು.

ಹನ್ನೊಂದು ದಿನದ ಹಿಂದೆ ಕಾಗದದ ಕಾರ್ಖಾನೆಯಲ್ಲಿ ಉಗಿಯ ಪೈಪು ಸಿಡಿದು ಈ ಅಜ್ಜನ ಅಳಿಯ ಬೆಂದು ಸತ್ತಿದ್ದ. ಆ ಹಳೇ ಪೈಪು ಇನ್ನೂ ಗಟ್ಟಿಯಾಗಿದೆ ಎಂದು ನಾಲ್ಕು ತಿಂಗಳ ಹಿಂದೆ ಸಹಿ ಹಾಕಿಕೊಟ್ಟಿದ್ದವರು ಈ ಅಜ್ಜನೇ.

ಸಂಜೆ ಐದಕ್ಕೆ ನಾನು ವರದಿ ಕೊಡಬೇಕಿತ್ತು. ಎಲ್ಲ ಬರೆದಾಗಿತ್ತು. ಅಜ್ಜನನ್ನು ಬಂಧಿಸಬೇಕೋ ಬೇಡವೋ ಎಂಬ ಒಂದು ಸಾಲು ಮಾತ್ರ ಖಾಲಿ ಬಿಟ್ಟಿದ್ದೆ. ಆಗ ಮಧ್ಯಾಹ್ನ ಒಂದೂವರೆ ಗಂಟೆ.

ನಲವತ್ತು ವರ್ಷ ಮೀಟರಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು ಕೂತದ್ದಕ್ಕೆ ಹಳೇ ಪೈಪು ಪರೀಕ್ಷಿಸುವ ಈ ಶೆಡ್ಡಿನವರು ಅವರಿಗೆ ಮುಳ್ಳಜ್ಜ ಎಂದು ಹೆಸರಿಟ್ಟಿದ್ದರು. ಅವರ ಮಾತಿಗೂ ಆ ಹೆಸರು ಹೊಂದುತ್ತಿತ್ತು. ಕಾಯಿಲ್ ಕೋಣೆಗೆ ನನ್ನನ್ನು ಬಿಟ್ಟುಕೊಂಡದ್ದೇ ದೊಡ್ಡ ಉಪಕಾರ ಎಂಬಂತೆ ಗೊಣಗುತ್ತ ಸ್ವಿಚ್ ಹಾಕಿದರು. ಬಂಡಿಯ ಚಕ್ರದಷ್ಟು ಅಗಲದ ತಾಮ್ರತಂತಿಯ ಸುತ್ತು, ಅದೇ ಕಾಯಿಲ್, ಗುಂಯ್‌ಗುಡತೊಡಗಿತು.

ಕೆಲಸ ಹೇಗೆ ನಡೆಯುತ್ತದೆ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಕಾಯಿಲ್ಲಿನೊಳಗೆ ಪೈಪು ತೂರಿಸಿದರೆ ಪೈಪೇ ಅಯಸ್ಕಾಂತವಾಗುತ್ತದೆ. ಗೋಡೆ ಗಟ್ಟಿಯಿರುವ ಕಡೆ ಆ ಶಕ್ತಿ ಒಳಗೊಳಗೇ ಹರಿದುಹೋಗುತ್ತದೆ. ಗೋಡೆ ಸವೆದು ತೆಳ್ಳಗಾದ ಕಡೆ ಅದಕ್ಕೆ ಜಾಗ ಸಾಲದೆ ಹೊರಗೆ ಉಕ್ಕುತ್ತದೆ. ಉಕ್ಕಿದ ಕಡೆ ಮುಳ್ಳು ಮೇಲೇಳುತ್ತದೆ, ಅದರ ತುದಿಯ ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತದೆ.

ಎಷ್ಟು ಮೇಲೆದ್ದರೆ ಎಷ್ಟು ಸವೆದಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ.

ಅದಕ್ಕೆ ಮಾಸ್ಟರ್ ಪೈಪು ಇದೆಯಲ್ಲ, ಎಂದರು. ಮೊಣಕೈಯುದ್ದದ ಕೆಂಪು ಬಣ್ಣದ ಪೈಪಿನ ತುಂಡು. ಎಂಟು ಮಿಲಿ ದಪ್ಪದ ಗೋಡೆ, ಒಳಮೈಯಲ್ಲಿ ಲೆಕ್ಕ ಹಾಕಿ ಕೊರೆದ ಎರಡು ಮಿಲಿ ಆಳದ ಗೀರು. ದಿನಾ ಬೆಳಗ್ಗೆ ಮೊದಲು ಇದನ್ನು ತೂರಿಸಿ, ಮುಳ್ಳು ಸರಿಯಾಗಿ ಕೆಂಪು ಗೆರೆ ಮುಟ್ಟುವ ಹಾಗೆ ಗುಂಡಿ ತಿರುಗಿಸಿ ಇಡುತ್ತಾರೆ. ಆಮೇಲೆ ಬರುವ ಯಾವ ಪೈಪು ಕೆಂಪು ಗೆರೆ ಮುಟ್ಟಿದರೂ ಅದು ಗುಜರಿಗೆ.

ನಾನು ಸಿಡಿದ ಪೈಪಿನ ನಾಲ್ಕು ತಿಂಗಳ ಹಿಂದಿನ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದೆ. ಮುಳ್ಳು ಎದ್ದಿತ್ತು. ಕೆಂಪು ಗೆರೆಗೆ ಕೂದಲೆಳೆಯಷ್ಟು ಕೆಳಗೆ ನಿಂತಿತ್ತು.

"ಸಿಡಿದ ತುಂಡು ನಮ್ಮ ಠಾಣೆಯಲ್ಲಿದೆ ಅಜ್ಜ. ನಾನೇ ಅಳೆದೆ. ಒಳಗಡೆ ನಾಲ್ಕೂವರೆ ಮಿಲಿ ತಿಂದುಹೋಗಿದೆ."

"ಈ ನಾಲ್ಕು ತಿಂಗಳಲ್ಲಿ ತಿಂದಿರಬೇಕು."

"ನಾಲ್ಕು ತಿಂಗಳೂ ಅದು ಸುಮ್ಮನೆ ರಾಶಿಯಲ್ಲಿ ಬಿದ್ದಿತ್ತು. ಉಗಿ ಬಿಟ್ಟಿದ್ದೇ ಆವತ್ತು."

ಅಜ್ಜ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡು ಮಿಲಿಗೆ ಕೆಂಪು ಗೆರೆ ಮುಟ್ಟುವ ಮುಳ್ಳು ನಾಲ್ಕೂವರೆ ಮಿಲಿಗೆ ಅದರ ಕೆಳಗೆ ನಿಲ್ಲುವುದು ಹೇಗೆ? ಈ ಪ್ರಶ್ನೆ ನನಗೆ ಮೂರು ದಿನದಿಂದ ತಲೆ ತಿನ್ನುತ್ತಿತ್ತು. ಮಾಸ್ಟರನ್ನು ಅಳೆಯೋಣ ಎಂದೆ.

ಅವರ ಮುಖ ಕೆಂಪಾಯಿತು. "ಮಾಸ್ಟರನ್ನ ಯಾರೂ ಅಳೆಯಲ್ಲ ಮೇಡಂ. ಅದರಿಂದ ಬೇರೆಯವನ್ನ ಅಳೆಯೋದು."

ಹತ್ತೊಂಬತ್ತು ವರ್ಷದಿಂದ ಅದರೊಳಗೆ ಒಬ್ಬರೂ ಇಣುಕಿರಲಿಲ್ಲ. ಇದೇನು ಸೋಮಾರಿತನ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಮ್ಮ ಠಾಣೆಯ ಗೋಡೆ ಗಡಿಯಾರ ಸರಿಯಿದೆಯೇ ಎಂದು ನಾನಾದರೂ ಯಾವತ್ತು ನೋಡಿದ್ದೇನೆ?

ಕೋಲಿನ ತುದಿಗೆ ಮೆತ್ತನೆಯ ಮೇಣ ಮೆತ್ತಿ, ಪೈಪಿನೊಳಗೆ ತೂರಿಸಿ, ಗೀರಿನ ಮೇಲೆ ಒತ್ತಿ ಹಿಡಿದರು. ಆರಿದ ಮೇಲೆ ಬಿಡಿಸಿಕೊಂಡರು. ಮೇಣದ ಮೇಲೆ ಗೀರಿನ ಅಚ್ಚು ಸಣ್ಣ ಏಣಿನ ಹಾಗೆ ಎದ್ದು ನಿಂತಿತ್ತು. ಅದನ್ನು ಹಿತ್ತಾಳೆಯ ವರ್ನಿಯರ್ ಅಳತೆಪಟ್ಟಿಯ ದವಡೆಗೆ ಸಿಕ್ಕಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೂರನೇ ಸಲವೂ ನೋಡಿದರು.

"ಐದು," ಎಂದರು.

ಎರಡಲ್ಲ, ಐದು. ಐದು ಮಿಲಿಗಿಂತ ಕಡಿಮೆ ಸವೆದ ಪೈಪೆಲ್ಲ ಈ ಕೋಣೆಯಿಂದ ಗಟ್ಟಿ ಎಂದು ಹಣೆಪಟ್ಟಿ ಹಚ್ಚಿಕೊಂಡು ಹೊರಗೆ ಹೋಗಿತ್ತು.

ಅಜ್ಜ ಸ್ಟೂಲಿನ ಮೇಲೆ ಕುಸಿದರು. ಹನ್ನೊಂದು ದಿನದಿಂದ ತಮ್ಮ ಕಣ್ಣನ್ನೇ ಶಪಿಸಿಕೊಂಡಿದ್ದರಂತೆ, ವಯಸ್ಸಾಯಿತು, ಮಂಜಾಯಿತು ಎಂದು. ಗುಂಡಿಯನ್ನು ಮೊದಲಿಗಿಂತ ಕಡಿಮೆ ತಿರುಗಿಸಿದರೆ ಸಾಕಾಗುತ್ತಿತ್ತಲ್ಲ, ಅದು ತಿಳಿಯಲಿಲ್ಲವೇ ಎಂದೆ. ತಿಳಿದಿತ್ತಂತೆ. ಐದು ತಿಂಗಳ ಹಿಂದೆ ಕಾಯಿಲ್ ಸುಟ್ಟುಹೋಗಿ ಹೊಸದಾಗಿ ಸುತ್ತಿಸಿದ್ದರು. ಹೊಸ ಸುತ್ತು, ಜೋರಾಗಿದೆ ಎಂದುಕೊಂಡಿದ್ದರಂತೆ.

ಮಾಸ್ಟರಿನ ಹೊರಮೈಯಲ್ಲಿ 14 ಎಂದು ಅಂಕಿ ಹೊಡೆದಿತ್ತು. ರಿಜಿಸ್ಟರಿನಲ್ಲೂ ಮಾಸ್ಟರಿನ ನಂಬರು ಹದಿನಾಲ್ಕೇ. ಆದರೆ ಅಂಕಿಯ ಸುತ್ತ ಬೆರಳಾಡಿಸಿದರೆ ಮೈ ಸ್ವಲ್ಪ ಚಪ್ಪಟೆ. ಅರದಿಂದ ಉಜ್ಜಿದ ಹಾಗೆ.

ಉಜ್ಜಿ ತೆಗೆದ ಅಂಕಿಯನ್ನು ಮತ್ತೆ ಎಬ್ಬಿಸಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದು ಅಜ್ಜ ತಲೆಯಾಡಿಸಿದರು. ಸುತ್ತಿಗೆಯ ಏಟು ಬಿದ್ದಲ್ಲಿ ಅಂಕಿಯ ಕೆಳಗಿನ ಕಬ್ಬಿಣವೂ ನಲುಗಿರುತ್ತದೆ, ಮೇಲೆ ಎಷ್ಟು ಉಜ್ಜಿದರೂ ಆ ನಲುಗು ಹೋಗುವುದಿಲ್ಲ ಎಂದರು. ಬಣ್ಣ ಕೆರೆದರು. ಎರಡು ಕಾಲಿನ ಕೈ ಅಯಸ್ಕಾಂತವನ್ನು ಅದರ ಮೇಲೆ ಊರಿದರು. ಸೀಮೆಎಣ್ಣೆಯಲ್ಲಿ ಕಲಸಿದ ಕಪ್ಪು ಕಬ್ಬಿಣದ ಪುಡಿಯನ್ನು ತೆಳ್ಳಗೆ ಸುರಿದರು.

ಪುಡಿ ಮೊದಲು ಎಲ್ಲ ಕಡೆ ಹರಿಯಿತು. ಆಮೇಲೆ ಅದಕ್ಕೆ ಬೇಕಾದ ಕಡೆ ಮಾತ್ರ ನಿಂತಿತು. ಹದಿನಾಲ್ಕರ ಅಡಿಯಿಂದ ಮಂಕಾಗಿ, ವಕ್ರವಾಗಿ ಎರಡು ಅಂಕಿ ಎದ್ದವು. ಎರಡು. ಏಳು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ತೋಳಿನಿಂದ ಅದನ್ನು ಒರೆಸಿಬಿಟ್ಟರು.

ಇಪ್ಪತ್ತೇಳು ಎಂದರೇನು ಎಂದು ಕೇಳಿದೆ. ತಮಗೆ ಗೊತ್ತಿಲ್ಲ ಎಂದರು. ಆ ಮನುಷ್ಯನಿಗೆ ಸುಳ್ಳು ಹೇಳುವ ಅಭ್ಯಾಸವೇ ಇರಲಿಲ್ಲ. ಕಿವಿಯ ತುದಿಯವರೆಗೆ ಬಿಳಿಚಿಕೊಂಡಿದ್ದರು.

ನಾನು ಹಟ ಹಿಡಿಯಲಿಲ್ಲ. ಸುಳ್ಳು ಹೇಳಿದವರನ್ನು ಹತ್ತು ನಿಮಿಷ ಒಂಟಿಯಾಗಿ ಬಿಟ್ಟರೆ ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ.

ಸಾಮಾನು ಕೋಣೆ ಅಂಗಳದ ಆಚೆ ತುದಿಯಲ್ಲಿತ್ತು. ಅದರ ಕಿಟಕಿಯ ಹಿಂದೆ ಕೂತಿದ್ದವಳು ಅಜ್ಜನ ಮಗಳು, ಸತ್ತವನ ಹೆಂಡತಿ. ನಿನ್ನೆಯಷ್ಟೇ ಕೆಲಸಕ್ಕೆ ಮರಳಿದ್ದಳು. ಹನ್ನೊಂದು ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಒಂದೇ ಮನೆ, ಒಂದೇ ಅಡುಗೆ, ತಟ್ಟೆ ಮುಂದಿಟ್ಟು ಎದ್ದುಹೋಗುತ್ತಾಳೆ ಎಂದು ಪಕ್ಕದ ಮನೆಯವರು ಹೇಳಿದ್ದರು.

ಕಾರಣವೂ ಇತ್ತು. ಈ ಕಸುಬಿನಲ್ಲಿ ಒಂದು ರೂಢಿಯಿದೆ. ಹೊಸದಾಗಿ ಜೋಡಿಸಿದ ಪೈಪಿನ ಸಾಲಿಗೆ ಮೊದಲ ಸಲ ಉಗಿ ಬಿಡುವಾಗ ಅದಕ್ಕೆ ಸಹಿ ಹಾಕಿದವನು ಪಕ್ಕದಲ್ಲಿ ನಿಲ್ಲಬೇಕು. ನನ್ನ ಸಹಿಯ ಮೇಲೆ ನನಗೇ ನಂಬಿಕೆಯಿದೆ ಎಂದು ತೋರಿಸಬೇಕು. ಆವತ್ತು ಅಜ್ಜನಿಗೆ ಮಂಡಿ ಊದಿತ್ತು. ನೀವು ಕೂತಿರಿ ಮಾವ ಎಂದು, ಇದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಅಳಿಯ ಹೋಗಿದ್ದ.

ಹದಿನಾಲ್ಕು ಎಂದು ಹೊಡೆಯಲು ಅಂಕಿಯ ಪಂಚುಗಳು, ಅಂದರೆ ಅಚ್ಚಿನ ಉಳಿಗಳು, ಬೇಕು. ಒಂದು, ನಾಲ್ಕು. ಅವನ್ನು ಯಾರು ಒಯ್ದಿದ್ದರು ಎಂದು ಕೇಳಿದೆ.

ಅವಳು ಎದ್ದು ಗೋಡೆಯ ಹಲಗೆ ತೋರಿಸಿದಳು. ಒಂದೊಂದು ಉಪಕರಣಕ್ಕೂ ಒಂದೊಂದು ಮೊಳೆ. ಕೆಲಸದವನು ಉಪಕರಣ ಒಯ್ಯುವಾಗ ತನ್ನ ನಂಬರಿನ ಬಿಲ್ಲೆಯನ್ನು ಆ ಮೊಳೆಗೆ ತಗುಲಿಸಬೇಕು, ತಂದುಕೊಟ್ಟು ಬಿಡಿಸಿಕೊಳ್ಳಬೇಕು. ಒಂದರ ಪಂಚು ಇತ್ತು. ನಾಲ್ಕರ ಪಂಚು ಇರಲಿಲ್ಲ. ಅದರ ಮೊಳೆಯಲ್ಲಿ ಹಳದಿ ಬಿಲ್ಲೆಯೊಂದು ತೂಗುತ್ತಿತ್ತು. ನಂಬರು ಒಂಬತ್ತು.

"ಒಂಬತ್ತು ಯಾರದು?"

"ನಮ್ಮ ಯಜಮಾನ್ರದು," ಎಂದಳು. ಆಮೇಲೆ ನನಗೆ ಗೊಂದಲವಾಗಬಾರದೆಂದು, "ನನ್ನ ಗಂಡಂದು," ಎಂದಳು.

ಅವಳು ರಜೆಯ ಮೇಲಿದ್ದಾಗ ಕೋಣೆಯ ಬೀಗದಕೈ ಕಚೇರಿಯಲ್ಲಿತ್ತಂತೆ. ನಿನ್ನೆ ಬಾಗಿಲು ತೆರೆದಾಗ ಈ ಬಿಲ್ಲೆ ಕಣ್ಣಿಗೆ ಬಿತ್ತಂತೆ. ಪಂಚು ಒಯ್ಯುವವರೇ ಅಪರೂಪ, ಅದಕ್ಕೆ ಮೊದಲೂ ಇತ್ತೋ ಇಲ್ಲವೋ ಗಮನಿಸಿರಲಿಲ್ಲವಂತೆ. ಮುಟ್ಟದೆ ಬಿಟ್ಟಿದ್ದಳು. ಸತ್ತ ಗಂಡನ ಹೆಸರಿಗೆ ಮಸಿ ಬಳಿಯುವ ವಸ್ತು ಅದು. ತೆಗೆದು ಸೆರಗಿಗೆ ಕಟ್ಟಿಕೊಂಡಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಹಾಗಂದೆ.

"ಮೊಳೆ ಮೇಲೆ ಇರೋದನ್ನ ಇಲ್ಲ ಅನ್ನೋಕೆ ನನಗೆ ಬರಲ್ಲ ಮೇಡಂ. ಆ ಅಪ್ಪನ ಮಗಳು ನಾನು."

ಬಿಲ್ಲೆಯನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಹೊರಡುವಾಗ ಇಪ್ಪತ್ತೇಳು ನಂಬರಿನ ಪೈಪು ಗೊತ್ತೇ ಎಂದು ಕೇಳಿದೆ. ಅವಳು ಅಲ್ಲೇ ನಿಂತುಬಿಟ್ಟಳು. ಆಮೇಲೆ ಕಿಟಕಿ ಮುಚ್ಚಿ ನನ್ನ ಹಿಂದೆಯೇ ಬಂದಳು.

ಕಾಯಿಲ್ ಇನ್ನೂ ಗುಂಯ್‌ಗುಡುತ್ತಿತ್ತು. ಮಗಳನ್ನು ಬಾಗಿಲಲ್ಲಿ ಕಂಡು ಅಜ್ಜ ಎದ್ದು ನಿಂತರು. ನಾನು ಅಂದುಕೊಂಡಂತೆ ಹತ್ತು ನಿಮಿಷ ಕೆಲಸ ಮಾಡಿತ್ತು, ಆದರೆ ನಾನು ಬಯಸಿದ ಕೆಲಸವನ್ನಲ್ಲ.

"ಬರ್ಕೊಳ್ಳಿ ಮೇಡಂ. ಇಪ್ಪತ್ತೇಳು ನನ್ನ ಪೈಪು. ನಾನೇ ಕೊರೆದಿದ್ದು. ನಾನೇ ನಂಬರು ಉಜ್ಜಿ ಮಾಸ್ಟರ್ ಮಾಡಿದೆ. ಬೇರೆ ಯಾರಿಗೂ ಇದರಲ್ಲಿ ಸಂಬಂಧ ಇಲ್ಲ."

ಯಾಕೆ ಮಾಡಿದಿರಿ ಎಂದು ಕೇಳಿದೆ. ಮಗಳ ಮುಖ ನೋಡಿ ನೆಲ ನೋಡಿದರು.

ನನಗೆ ರೇಗಿತು. ಈ ಮನೆಯವರೆಲ್ಲ ಸೇರಿ ನನ್ನ ಖಾಲಿ ಸಾಲನ್ನು ತುಂಬಿಕೊಡಲು ಪೈಪೋಟಿಗೆ ಬಿದ್ದಿದ್ದಾರೇನು? ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು ಹೇಳಿ ಎಂದು ಬಿಲ್ಲೆಯನ್ನು ಅವರ ಮುಂದೆ ಇಡಲು ಕಾಯಿಲ್ಲಿನ ಪಕ್ಕಕ್ಕೆ ಕೈ ಚಾಚಿದೆ.

ಬಿಲ್ಲೆ ಬೆರಳಿನಿಂದ ಕಿತ್ತುಕೊಂಡು ಹಾರಿತು. ಟಣ್ ಎಂದು ಕಾಯಿಲ್ಲಿನ ಅಂಚಿಗೆ ಅಂಟಿಕೊಂಡಿತು.

ಮೂವರೂ ಅದನ್ನೇ ನೋಡಿದೆವು. ಮೊದಲು ಮಾತಾಡಿದ್ದು ಮಗಳು, ಅದೂ ನನ್ನ ಜೊತೆಯಲ್ಲ.

"ಅಪ್ಪಾ, ಅದು ಹಿತ್ತಾಳೆ ಅಲ್ಲ."

ಹನ್ನೊಂದು ದಿನದ ಮೇಲೆ ಅಪ್ಪಾ ಎಂದಿದ್ದಳು. ಹೌದು ಪುಟ್ಟಿ, ಎಂದು ಅಜ್ಜ ಬಿಲ್ಲೆಯತ್ತ ಬಗ್ಗಿದರು.

ನನಗೆ ಅವರೇ ಬಿಡಿಸಿ ಹೇಳಿದರು. ಇಲ್ಲಿಯ ಬಿಲ್ಲೆಗಳೆಲ್ಲ ಹಿತ್ತಾಳೆಯವು, ಯಾಕೆಂದರೆ ಅವನ್ನು ಜೇಬಿನಲ್ಲಿಟ್ಟುಕೊಂಡೇ ಎಲ್ಲರೂ ಈ ಕೋಣೆಗೆ ಬರಬೇಕು. ಕೆಲಸಕ್ಕೆ ಸೇರಿದ ದಿನ ಅಜ್ಜ ಒಬ್ಬೊಬ್ಬರನ್ನೂ ಇಲ್ಲಿ ನಿಲ್ಲಿಸಿ, ಬಿಲ್ಲೆಯನ್ನು ಕಾಯಿಲ್ಲಿಗೆ ಮುಟ್ಟಿಸಿ, ಅಂಟಲಿಲ್ಲ ನೋಡು ಎಂದು ತೋರಿಸಿಯೇ ಕೈಗೆ ಕೊಡುತ್ತಾರೆ. ಕಸ ಗುಡಿಸುವವಳಿಗೂ ಇದು ಗೊತ್ತು. ಇದು ಹಳದಿ ಬಣ್ಣ ಬಳಿದ ತಗಡು. ಇಲ್ಲಿ ಕೆಲಸ ಮಾಡುವ ಯಾರೂ ಇಂಥ ತಪ್ಪು ಮಾಡುವುದಿಲ್ಲ.

ಹಾಗಾದರೆ ನಿಜವಾದ ಒಂಬತ್ತು ಎಲ್ಲಿ?

ಮಗಳು ಹೊರಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಗಂಟು ಇತ್ತು. ಆಸ್ಪತ್ರೆಯವರು ಕೊಟ್ಟ ಗಂಡನ ಬಟ್ಟೆ. ಮನೆಗೆ ಒಯ್ಯಲು ಮನಸ್ಸಾಗದೆ ಸಾಮಾನು ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಳು, ಇದುವರೆಗೆ ಬಿಚ್ಚಿರಲಿಲ್ಲ. ನೆಲದ ಮೇಲೆ ಕೂತು ಬಿಚ್ಚಿದಳು. ಅಂಗಿಯ ಒಂದು ಕಡೆ ಬಟ್ಟೆಯೆಂದು ಗುರುತಾಗದಷ್ಟು ಮುದುಡಿತ್ತು. ಅವಳು ಅದನ್ನು ನಿಧಾನವಾಗಿ ಬಿಡಿಸಿ, ಜೇಬಿಗೆ ಎರಡು ಬೆರಳು ಹಾಕಿ, ಹಿತ್ತಾಳೆಯ ಬಿಲ್ಲೆ ತೆಗೆದಳು. ಒಂಬತ್ತು. ಕಾಯಿಲ್ಲಿಗೆ ಮುಟ್ಟಿಸಿದಳು. ಅಂಟಲಿಲ್ಲ.

ನಮ್ಮ ಠಾಣೆಯ ಪಟ್ಟಿಯಲ್ಲಿ ಅದನ್ನು "ಲೋಹದ ಚೂರು ಒಂದು" ಎಂದು ಬರೆದಿದ್ದರು. ಬರೆದವನ ಹೆಸರು ನೆನಪಿಟ್ಟುಕೊಂಡೆ. ನಾಚಿಕೆಯಾಯಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

"ಅವರು ಪಂಚು ತಗೊಂಡಿರಲಿಲ್ಲ," ಎಂದಳು ಅವಳು. ಆಗ ಅತ್ತಳು. ಅಜ್ಜ ಮಂಡಿ ನೋವನ್ನೂ ಲೆಕ್ಕಿಸದೆ ಅವಳ ಪಕ್ಕ ನೆಲಕ್ಕೆ ಕೂತರು.

ಈ ಕೋಣೆಯ ಮಗ್ಗುಲಿಗೂ ಬಾರದವರು ಈ ಶೆಡ್ಡಿನಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರೇ ಒಬ್ಬರು ಇದ್ದರು. ಶೆಡ್ಡಿನ ಧಣಿ. ಎದೆಬಡಿತ ಸರಿಯಿಡಲು ಎದೆಯೊಳಗೆ ಪುಟ್ಟ ಯಂತ್ರ ಕೂರಿಸಿಕೊಂಡವರು. ಅಪ್ಪನಿಂದ ಈ ಶೆಡ್ಡು ಕೈಗೆ ಬರುವ ಮೊದಲೇ ಕೂರಿಸಿದ್ದಂತೆ. ಅಯಸ್ಕಾಂತದ ಹತ್ತಿರ ಹೋದರೆ ಜೀವಕ್ಕೇ ಸಂಚಕಾರ ಎಂದು ವೈದ್ಯರು ಹೇಳಿದ್ದರಿಂದ ಒಂದು ದಿನವೂ ಈ ಹೊಸ್ತಿಲು ತುಳಿದವರಲ್ಲ.

ಇಪ್ಪತ್ತೇಳರ ಕಥೆಯೂ ಆಗ ಹೊರಬಿತ್ತು. ಮಗಳಿಗೆ ಹದಿನೈದು ವರ್ಷವಾಗಿದ್ದಾಗ ಅಪ್ಪನ ಕಸುಬು ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಮಾಸ್ಟರನ್ನು ಕತ್ತರಿಸಿದ್ದ ಅದೇ ಪೈಪಿನಿಂದ ಅಜ್ಜ ಇನ್ನೊಂದು ತುಂಡು ಕತ್ತರಿಸಿ, ಮುಳ್ಳು ಚಂಗನೆ ಹಾರುವುದನ್ನು ಕಂಡು ಮಗು ನಗಲಿ ಎಂದು ಐದು ಮಿಲಿ ಗೀರು ಕೊರೆದುಕೊಟ್ಟಿದ್ದರು. ಎರಡೂ ಅವಳಿಜವಳಿ. ಅಂಕಿ ಬಿಟ್ಟರೆ ಹೊರಗಿನಿಂದ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಆ ಪಾಠದ ಪೈಪು ಈಗಲೂ ಅವಳ ಸಾಮಾನು ಕೋಣೆಯಲ್ಲೇ ಇದೆ ಎಂದು ಅಜ್ಜ ತಿಳಿದಿದ್ದರು. ಅದಕ್ಕೇ ಅಜ್ಜ ಒರೆಸಿದ್ದು. ಮಗಳೇ ಏನೋ ಮಾಡಿದ್ದಾಳೆ ಎಂದು ಹೆದರಿದ್ದರು.

"ಐದು ತಿಂಗಳ ಹಿಂದೆ ಧಣಿ ಬಂದು ಕೇಳಿದ್ರು. ಕಚೇರಿ ಮೇಜಿನ ಮೇಲೆ ಇಡೋಕೆ ಚೆನ್ನಾಗಿರುತ್ತೆ ಅಂದ್ರು. ಕೊಟ್ಟೆ," ಎಂದಳು. "ಧಣಿ ಹತ್ರ ಬಿಲ್ಲೆ ಕೇಳೋರು ಯಾರು ಮೇಡಂ?"

ಅಲ್ಲಿಗೆ ಎಲ್ಲ ಕೂಡಿಬಂತು ಎಂದುಕೊಂಡೆ. ಒಂದು ಮಾತ್ರ ಕೂಡಲಿಲ್ಲ. ಈ ಹೊಸ್ತಿಲು ದಾಟದ ಮನುಷ್ಯ ಮಾಸ್ಟರನ್ನು ಬದಲಿಸಿದ್ದು ಹೇಗೆ?

ಅದನ್ನು ನಾನು ಕೇಳಬೇಕಾಗಲಿಲ್ಲ. ಅಜ್ಜನ ಮುಖ ನೋಡಿದರೆ ತಿಳಿಯುತ್ತಿತ್ತು.

"ಕಾಯಿಲ್ ಸುಟ್ಟ ವಾರ," ಎಂದರು. "ಹೇಗೂ ಕೆಲಸ ನಿಂತಿದೆ, ಮಾಸ್ಟರಿಗೆ ತುಕ್ಕು ಹಿಡೀದ ಹಾಗೆ ಬಣ್ಣ ಹೊಡಿಸ್ತೀನಿ ಕೊಡಿ ಅಂದ್ರು. ಕೊಟ್ಟೆ. ಮೂರು ದಿನ ಬಿಟ್ಟು ಕಚೇರಿಗೆ ಕರೆಸಿ ವಾಪಸ್ ಕೊಟ್ರು. ಬಣ್ಣ ಹಸಿ ಇತ್ತು. ಅಂಟದ ಹಾಗೆ ಟವೆಲ್ಲಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ಕೊಂಡು ಬಂದೆ. ನಾನೇ ತಂದು ಇಲ್ಲಿ ಇಟ್ಟೆ."

ಮಗಳು ಅವರ ಕೈ ಬಿಡಲಿಲ್ಲ. ಆದರೆ ಆ ಕೈಯನ್ನು ನೋಡಿದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಕೊಡಲಾರರು ಎಂದು ನನಗೆ ಆ ಹೊತ್ತಿಗೆ ಅನಿಸಿತು.

ಬಣ್ಣ ಬಳಿಸಿದ ಮೇಲೆ ಕಾರ್ಖಾನೆಯ ಎಷ್ಟು ಹಳೇ ಪೈಪಿಗೆ ಸಹಿ ಹಾಕಿದ್ದೀರಿ ಎಂದು ಕೇಳಿದೆ. ಅರವತ್ತೆರಡು. ಇಪ್ಪತ್ತು ಮೊದಲ ಸಾಲಿಗೆ ಹೋಗಿವೆ. ಉಳಿದವು ಎರಡನೇ ಸಾಲಿಗೆ. ಅದನ್ನು ತೆರೆಯುವುದು ಮುಂದಿನ ತಿಂಗಳು, ಅಷ್ಟರಲ್ಲಿ ಎ‌ಲ್ಲ ವಾಪಸು ತರಿಸಬಹುದು ಎಂದರು.

ಮಗಳು ತಲೆಯೆತ್ತಿದಳು. ಬೆಳಗ್ಗೆ ಅವಳ ಕೋಣೆಯಿಂದ ಕಾರ್ಖಾನೆಗೆ ಕೀಲುಗಳ ನಡುವೆ ಇಡುವ ರಬ್ಬರ್ ಬಳೆಗಳು ಹೋಗಿದ್ದವು. ಒಯ್ದವನು ಸಾಲು ತೆರೆಯುವ ಹೊತ್ತು ಹೇಳಿದ್ದನಂತೆ. "ಮುಂದಿನ ತಿಂಗಳಲ್ಲ ಅಪ್ಪಾ. ಇವತ್ತು. ಮೂರು ಗಂಟೆಗೆ."

ಹೊಸ್ತಿಲಾಚೆ ಮರದ ತಟ್ಟೆಯಲ್ಲಿ ನನ್ನ ಗಡಿಯಾರ ಬಿದ್ದಿತ್ತು. ಮೂರಕ್ಕೆ ನಾಲ್ಕು ನಿಮಿಷ.

ಫೋನು ಅಂಗಳದ ಗೋಡೆಯಲ್ಲಿತ್ತು. ಕಾರ್ಖಾನೆಗೆ ನಾನು ಮಾಡಿದೆ. ಎತ್ತಿದವನು ಉಗಿ ವಿಭಾಗದ ಫೋರ್‌ಮನ್. ನಾನು ಯಾರೆಂದು ಹೇಳಿ, ನಿಲ್ಲಿಸಿ ಎಂದೆ. ಪೊಲೀಸರ ಮಾತಿಗೆ ವಾಲ್ವು ಮುಚ್ಚಲಾಗುವುದಿಲ್ಲ, ಸಹಿ ಹಾಕಿದವರು ಹೇಳಬೇಕು ಎಂದ. ಅಷ್ಟರಲ್ಲಿ ಅಜ್ಜ ಕುಂಟುತ್ತ ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು.

"ನಾನು ಮುಳ್ಳಜ್ಜ. ನನ್ನ ಸಹಿ ವಾಪಸ್ ತಗೊಂಡಿದೀನಿ. ಅರವತ್ತೆರಡಕ್ಕೂ. ಎಲ್ಲಾ ತಪ್ಪು ಸಹಿ. ಉಗಿ ಬಿಡಬೇಡಿ."

ನನ್ನ ಖಾಲಿ ಸಾಲಿಗೆ ಅಷ್ಟೇ ಸಾಕಿತ್ತು. ಪೊಲೀಸ್ ಅಧಿಕಾರಿಯ ಎದುರಿಗೆ, ಸಾಕ್ಷಿಗಳಿರುವಾಗ, ತನ್ನ ಬಾಯಿಂದಲೇ ಹೇಳಿದ ಮಾತು. ಅದು ಅವರಿಗೂ ಗೊತ್ತಿತ್ತು. ಮಗಳ ಕಡೆ ನೋಡಿಯೇ ಹೇಳಿದ್ದರು.

ನಾನು ರಿಸೀವರಿಗೆ ಕಿವಿ ಹಚ್ಚಿದೆ. ಆ ಕಡೆ ಗದ್ದಲ. ಫೋರ್‌ಮನ್ ಯಾರಿಗೋ ಕೂಗಿ ಹೇಳಿ, ಮತ್ತೆ ಫೋನಿಗೆ ಬಂದ.

"ಅಜ್ಜ, ನಿಮ್ಮ ಧಣಿ ಒಪ್ತಾ ಇಲ್ಲ. ಪೈಪು ಗಟ್ಟಿಯಾಗಿದೆ, ಅಜ್ಜನಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂತಿದಾರೆ. ನಿಮ್ಮ ಬದಲು ಅವರೇ ನಿಂತಿದಾರೆ, ಮೊದಲನೇ ಕೀಲಿನ ಪಕ್ಕ, ಪೈಪಿಗೆ ಒರಗಿಕೊಂಡು."

ಆ ಪೈಪು ಕೊಳೆತಿದೆ ಎಂದು ಗೊತ್ತಿರುವ ಯಾವನೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲುವುದಿಲ್ಲ. ಹಾಗಾದರೆ ಆ ಮನುಷ್ಯನಿಗೆ ಗೊತ್ತಿಲ್ಲ. ಅವನ ಮೇಜಿನ ಮೇಲಿದ್ದ ಇಪ್ಪತ್ತೇಳನ್ನು ಹದಿನಾಲ್ಕು ಮಾಡಿ ಅವನ ಕೈಯಲ್ಲೇ ಅಜ್ಜನಿಗೆ ಕೊಡಿಸಿದವರು ಬೇರೆ ಯಾರೋ ಇದ್ದಾರೆ, ಕಚೇರಿಗೆ ಬಂದು ಹೋಗುವ, ಈ ಶೆಡ್ಡಿನಲ್ಲಿ ಕೆಲಸ ಮಾಡದ ಯಾರೋ.

"ಅವರನ್ನ ಎಳೆದು ಈಚೆಗೆ ತನ್ನಿ," ಎಂದರು ಅಜ್ಜ ಫೋನಿಗೆ. ಕೂಗಲಿಲ್ಲ. ಅಳಿಯನಿಗೆ ಹೇಳಲಾಗದೆ ಉಳಿದಿದ್ದ ಮಾತನ್ನು ಈಗ ಹೇಳುತ್ತಿರುವ ಹಾಗಿತ್ತು. "ಕೈ ಹಿಡಿದು ಎಳೀರಿ."

ಫೋರ್‌ಮನ್ ರಿಸೀವರನ್ನು ಎಲ್ಲೋ ಇಟ್ಟು ಓಡಿದ ಸದ್ದಾಯಿತು. ಅದರ ಹಿಂದೆಯೇ, ದೂರದಿಂದ, ಉಗಿ ಹರಿಯುವ ಸದ್ದು ಶುರುವಾಯಿತು.